ಬೇರಿನ ಮೇಲಣ ಅಪವಾದ

ಗೃಹಸ್ಥನಾದವನಿಗೆ ಮನೆಯೊಂದು ಬೇಕು. ಮನೆ ಕಟ್ಟುವುದೆಂದರೆ ನೆಲ ಅಗೆಯಬೇಕು, ಕಲ್ಲು ಒಡೆಯಬೇಕು, ನೀರು ಸುರಿಯಬೇಕು, ಗಿಡಗಂಟಿಗಳನ್ನು ತೆಗೆಯಬೇಕು. ಇದನ್ನು ಅರಿತೇ ಜೈನಾಚಾರ್ಯರು ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಬುದ್ಧಿಪೂರ್ವಕವಾದ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಸಂಪೂರ್ಣವಾಗಿ ತ್ಯಜಿಸಬೇಕು; ಸಂಸಾರ ನಿರ್ವಹಣೆಗೆ ಅನಿವಾರ್ಯವಾದ ಆರಂಭೀ ಹಿಂಸೆಯನ್ನು ಸಾಧ್ಯವಾದಷ್ಟು ಕಡಿಮೆ ಮಾಡಿಕೊಳ್ಳಬೇಕು. ಈ ಎರಡರ ನಡುವಣ ಗೆರೆ ಗ್ರಂಥದಲ್ಲಿ ಸ್ಪಷ್ಟವಾಗಿಯೇ ಇದೆ. ಬಾಳಿನಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಮನೆಯ ಗೋಡೆ ಬಿರಿದಾಗ, ಅಂಗಳದ ಮರದ ಮೇಲೆ ಸಂದೇಹ ಹುಟ್ಟಿದಾಗ, ಆ ಗೆರೆಯನ್ನು ಹುಡುಕಿಕೊಳ್ಳಬೇಕಾಗುತ್ತದೆ.

ವನಸ್ಪತಿಯು ಏಕೇಂದ್ರಿಯ ಜೀವ. ಸ್ಪರ್ಶವೊಂದೇ ಅದರ ಇಂದ್ರಿಯ. ತನ್ನ ಮೇಲೆ ಬಂದ ಆರೋಪಕ್ಕೆ ಉತ್ತರ ಹೇಳಲು ಅದಕ್ಕೆ ನಾಲಗೆಯಿಲ್ಲ. ದಂಡನೆಯಿಂದ ತಪ್ಪಿಸಿಕೊಂಡು ಓಡಲು ಕಾಲಿಲ್ಲ. ಆದಕಾರಣ ಅದರ ಪರವಾಗಿ ಕೇಳತಕ್ಕ ಪ್ರಶ್ನೆಗಳನ್ನೂ ದಂಡಿಸಲು ಹೊರಟ ಮನುಷ್ಯನೇ ಕೇಳಬೇಕು. ಹಾಗೆ ಕೇಳದೆ ಕೊಡಲಿ ಎತ್ತುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂದು ಸಿದ್ಧಾಂತವು ಸಾರುತ್ತದೆ.

ಒಂದು ಮನೆಯ ವೃತ್ತಾಂತ

ಬೆಂಗಳೂರಿನ ಉತ್ತರ ಭಾಗದಲ್ಲಿ, ಹೆಬ್ಬಾಳ, ಯಲಹಂಕ, ಆರ್.ಟಿ. ನಗರಗಳ ಬೀದಿಗಳಲ್ಲಿ, ಮರಗಳೂ ಮನೆಗಳೂ ಬಹುಮಟ್ಟಿಗೆ ಒಂದೇ ವಯಸ್ಸಿನವು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮೇಲ್ವಿಚಾರಣೆಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಅದೇ ಕಾಲದಲ್ಲಿ ನಗರವು ಹಳ್ಳಿಗಳ ಹೊಲಗದ್ದೆಗಳ ಮೇಲೆ ಹಬ್ಬಿತು. ಸಸಿಗಳು ಮರವಾಗುವ ಹೊತ್ತಿಗೆ ಮನೆಗಳು ಹಳತಾದವು. ಹಳೆಯ ಮನೆ ಬಿರಿಯುವುದು ಸಹಜ. ಎದುರಿಗೆ ದೊಡ್ಡ ಮರವೊಂದು ನಿಂತಿದ್ದರೆ ಎಲ್ಲರ ಕಣ್ಣು ಅದರ ಬುಡದ ಕಡೆಗೆ ಹೊರಳುವುದೂ ಅಷ್ಟೇ ಸಹಜ.

ಹೆಬ್ಬಾಳ ಕೆರೆಯ ಕೆಳಗಿನ ಬಯಲಿನಲ್ಲಿ ಬಟ್ಟೆ ವ್ಯಾಪಾರಿಯಾದ ಒಬ್ಬ ಶ್ರಾವಕನ ಮನೆಯಿದೆ. ಮನೆ ಕಟ್ಟಿದುದು 1988ರಲ್ಲಿ. ಅದೇ ವರ್ಷ ಅವನ ತಂದೆ ಆವರಣದ ಅಂಚಿನಲ್ಲಿ ಹೊಂಗೆಯ ಸಸಿಯೊಂದನ್ನು ನೆಟ್ಟರು. ತಂದೆ ತೀರಿಕೊಂಡರು, ಮರ ಉಳಿಯಿತು. ಪಕ್ಕದ ಮನೆ ನಿವೃತ್ತ ಶಿಕ್ಷಕಿಯೊಬ್ಬರದು. ಗಂಡನಿಲ್ಲದ ಆಕೆ ತಮ್ಮ ಉಳಿತಾಯವನ್ನೆಲ್ಲ ಸುರಿದು ಆ ಮನೆಯನ್ನು ಉಳಿಸಿಕೊಂಡಿದ್ದರು. ಮೇಲಂತಸ್ತಿನ ಬಾಡಿಗೆಯಿಂದಲೇ ಅವರ ಔಷಧಿಯ ಖರ್ಚು ಸಾಗುತ್ತಿತ್ತು. 2022ರ ನವೆಂಬರಿನಲ್ಲಿ ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಬಿರುಕೊಂದು ಕಾಣಿಸಿಕೊಂಡಿತು. ಬಾಡಿಗೆಯವರು ಮನೆ ಬಿಡುವ ಮಾತನಾಡಿದರು. ಎರಡು ಮನೆಗಳ ನಡುವಣ ಆವರಣದ ಗೋಡೆಯೂ ಮರದ ಬಳಿ ಹೊರಕ್ಕೆ ವಾಲಿತ್ತು. ಶಿಕ್ಷಕಿ ಬಂದು, “ನಿಮ್ಮ ಮರದ ಬೇರು ನಮ್ಮ ಮನೆಯ ಕೆಳಗೆ ಬಂದಿದೆ. ಮರ ದೊಡ್ಡದೋ, ನನ್ನ ತಲೆಯ ಮೇಲಿನ ಸೂರು ದೊಡ್ಡದೋ ನೀವೇ ಹೇಳಿ” ಎಂದರು. ಅದು ಜಗಳದ ಮಾತಲ್ಲ, ಭಯದ ಮಾತು. ಅದಕ್ಕೆ ಎದುರಾಡುವುದು ಕಷ್ಟ.

ಸಲಹೆಗಳಿಗೆ ಕೊರತೆಯಿರಲಿಲ್ಲ. ಭಾನುವಾರ ನಸುಕಿನಲ್ಲಿ ಕಡಿದುಬಿಟ್ಟರೆ ಕೇಳುವವರಾರು ಎಂದ ಒಬ್ಬ ಮೇಸ್ತ್ರಿ. ಬುಡಕ್ಕೆ ರಂಧ್ರ ಕೊರೆದು ಆ್ಯಸಿಡ್ ಹೊಯ್ದರೆ ಮರ ತಾನಾಗಿ ಒಣಗಿತೆಂದು ಹೇಳಿಕೊಳ್ಳಬಹುದು ಎಂದ ಇನ್ನೊಬ್ಬ. ವ್ಯಾಪಾರಿಯ ಮಗನೂ ಮರ ತೆಗೆಯುವುದೇ ಲೇಸೆಂದನು; ಆ ಜಾಗದಲ್ಲಿ ಕಾರು ನಿಲ್ಲಿಸುವ ಯೋಚನೆ ಅವನಿಗೆ ಮೊದಲಿನಿಂದಲೂ ಇತ್ತು. ಆ ಮನೆಯಲ್ಲಿ ಆಲೂಗೆಡ್ಡೆ, ಈರುಳ್ಳಿಗಳು ಅಡುಗೆಮನೆಯನ್ನು ಪ್ರವೇಶಿಸುವುದಿಲ್ಲ. ಕಂದಮೂಲದಲ್ಲಿ ಅನಂತ ಜೀವಗಳಿವೆ ಎಂಬ ಕಾರಣಕ್ಕೆ ಮೂರು ತಲೆಮಾರಿನಿಂದ ಬಂದ ನಿಯಮ ಅದು. ಅಂಗೈಯಗಲದ ಗೆಡ್ಡೆಯನ್ನು ಬಿಟ್ಟ ಮನೆ, ಮೂವತ್ತೈದು ವರ್ಷದ ಮರವನ್ನು ಒಂದು ಸಂಜೆಯ ಮಾತಿನಲ್ಲಿ ಬಿಡಲು ಸಿದ್ಧವಾಗಿತ್ತು. ವ್ಯಾಪಾರಿಯ ವೃದ್ಧ ತಾಯಿ ಎಲ್ಲರ ಮಾತನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಮರ ಕಡಿಯುವುದು ಗೋಡೆಗಾಗಿಯೋ, ಕಾರಿಗಾಗಿಯೋ? ಗೋಡೆಗಾಗಿ ಎಂದರೆ, ಗೋಡೆ ಒಡೆದುದು ಮರವೇ ಎಂದು ತಿಳಿದವರು ಯಾರು?”

ಅಂದಿನಿಂದ ಮಾತು ನಿಂತು ಶೋಧನೆ ಆರಂಭವಾಯಿತು.

ಬೇರು ಏನನ್ನು ಮಾಡಬಲ್ಲುದು?

ಮರದ ಬೇರು ನೆಲದೊಳಗೆ ನುಗ್ಗಿ ಮನೆಯನ್ನೇ ಎತ್ತಿಬಿಡುತ್ತದೆ ಎಂಬುದು ಸಾಮಾನ್ಯರ ಭಾವನೆ. ವಾಸ್ತವ ಬೇರೆ. ಬೇರುಗಳಲ್ಲಿ ಹೆಚ್ಚಿನ ಪಾಲು ನೆಲದ ಮೇಲಣ ಮೂರು ನಾಲ್ಕು ಅಡಿಯ ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ. ಅದು ಕೊಂಬೆಗಳ ಹರವನ್ನೂ ಮೀರಿ ದೂರ ಹೋಗುತ್ತದೆ. ಬೇರು ದಪ್ಪವಾಗುತ್ತ ಹೋದಂತೆ ತನ್ನ ಮೇಲಿರುವ ಹಗುರವಾದ ವಸ್ತುವನ್ನು, ಅಂದರೆ ಕಾಲುದಾರಿಯ ಚಪ್ಪಡಿಯನ್ನೋ ನಾಲ್ಕೂವರೆ ಅಂಗುಲದ ಆವರಣ ಗೋಡೆಯನ್ನೋ ಮೆಟ್ಟಿಲನ್ನೋ ಸರಿಸಬಲ್ಲುದು. ಮನೆಯ ಭಾರ ಅದಕ್ಕೆ ಮೀರಿದ್ದು. ಭಾರವಾದ ತಳಪಾಯ ಅಡ್ಡವಾದಾಗ ಬೇರು ಪಕ್ಕಕ್ಕೆ ತಿರುಗಿಕೊಳ್ಳುತ್ತದೆ.

ಹಾಗಾದರೆ ಮರದಿಂದ ಮನೆ ಕುಸಿಯಿತು ಎಂಬ ವಾರ್ತೆಗಳೆಲ್ಲ ಸುಳ್ಳೇ? ಅಲ್ಲ. ಅಲ್ಲಿ ಕೆಲಸ ಮಾಡುವುದು ಬೇರಿನ ಬಲವಲ್ಲ, ಬೇರಿನ ಬಾಯಾರಿಕೆ. ಕೆಲವು ಜೇಡಿಮಣ್ಣುಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಅಂತಹ ಮಣ್ಣಿನ ಮೇಲೆ ಆಳವಿಲ್ಲದ ತಳಪಾಯವಿದ್ದು, ಸಮೀಪದ ಮರ ಬೇಸಿಗೆಯಲ್ಲಿ ಅದರ ತೇವವನ್ನು ಹೀರಿದರೆ, ಮಣ್ಣು ಕುಗ್ಗಿ ಮನೆಯ ಒಂದು ಭಾಗ ಇಳಿಯುತ್ತದೆ. ಲಂಡನ್ ನಗರವು ನಿಂತಿರುವುದು ಇಂತಹ ಜೇಡಿಯ ಮೇಲೆ. ಬ್ರಿಟನ್ನಿನಲ್ಲಿ 1971ರಿಂದ ಗೃಹವಿಮೆಗೆ ನೆಲಕುಸಿತವೂ ಸೇರಿತು; 1976ರ ಭೀಕರ ಬರದಲ್ಲಿ ಸಾವಿರಾರು ಮನೆಗಳು ಬಿರಿದು ಪರಿಹಾರದ ಅರ್ಜಿಗಳು ರಾಶಿಬಿದ್ದವು. ಅಲ್ಲಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಮನೆಗಳ ಅಡಿಯಿಂದ ಅಗೆದು ತಂದ ಬೇರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಅವು ಯಾವ ಜಾತಿಯ ಮರದವೆಂದು ಗುರುತಿಸಿದರು. 1970ರ ದಶಕದಲ್ಲಿ ಯಾವ ಮರ ಎಷ್ಟು ದೂರದಿಂದ ಹಾನಿ ಮಾಡಿತೆಂದು ಪಟ್ಟಿ ಮಾಡಿದರು. ಇಂದು ಲೋಕದೆಲ್ಲೆಡೆ ಮರದ ಮೇಲೆ ಇರುವ ಭಯದ ಬಹುಭಾಗ ಈ ಅನುಭವದಿಂದ ಬಂದುದು.

ಕರ್ನಾಟಕದಲ್ಲಿ ಇದಕ್ಕೆ ಸಮಾನವಾದುದು ಉತ್ತರದ ಎರೆಮಣ್ಣು. ವಿಜಯಪುರ, ಕಲಬುರಗಿ, ರಾಯಚೂರು, ಧಾರವಾಡದ ಕಡೆಯ ಕಪ್ಪುನೆಲದಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ; ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲವಾಗಿ ಬಾಯಿಬಿಡುವ ಹೊಲಗಳನ್ನು ಅಲ್ಲಿಯವರು ಬಲ್ಲರು. ಅಂತಹ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ತಳದಲ್ಲಿ ಗಂಟೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ತಳಪಾಯವನ್ನು ರೂಪಿಸಿತು. ಆ ಭಾಗದ ಧರ್ಮಬಂಧುಗಳು ಮನೆಯ ಸಮೀಪ ದೊಡ್ಡ ಮರ ನೆಡುವಾಗ ಅದು ಬೆಳೆಯಬಹುದಾದ ಎತ್ತರದಷ್ಟಾದರೂ ದೂರ ಬಿಡುವುದು ಕ್ಷೇಮ.

ಹೆಬ್ಬಾಳದ ನೆಲ ಅಂತಹುದಲ್ಲ. ಬೆಂಗಳೂರಿನ ಕೆಳಗಿರುವುದು ಪುರಾತನವಾದ ನೈಸ್ ಶಿಲೆ. ಅದು ಸವೆದು ಆದ ಕೆಂಪು ಮಣ್ಣಿನಲ್ಲಿ ಪ್ರಧಾನವಾಗಿರುವುದು ಕೇಯೊಲಿನೈಟ್. ಅದು ಹೆಚ್ಚು ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದರೆ ಅದಕ್ಕೆ ಬೇರೊಂದು ದೌರ್ಬಲ್ಯವಿದೆ. ಸಡಿಲವಾಗಿ ಒಣಗಿ ನಿಂತಿರುವ ಈ ಕೆಂಪು ಮಣ್ಣು ಭಾರವನ್ನು ಹೊತ್ತಿರುವಾಗ ಇದ್ದಕ್ಕಿದ್ದಂತೆ ನೀರಿನಲ್ಲಿ ನೆನೆದರೆ ಕುಸಿಯಬಹುದು. ಹೆಬ್ಬಾಳಕ್ಕೆ ಸಮೀಪದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೆಂಗಳೂರಿನ ಮಣ್ಣಿನ ಈ ಗುಣವನ್ನು ಅಭ್ಯಸಿಸಿದ್ದಾರೆ. ಎಂದರೆ ಲಂಡನ್ನಿನಲ್ಲಿ ಮನೆಗೆ ಶತ್ರುವಾದುದು ಮರ ಕುಡಿದ ನೀರು. ಬೆಂಗಳೂರಿನಲ್ಲಿ ಹೆಚ್ಚಿನ ಸಂದರ್ಭದಲ್ಲಿ ಶತ್ರುವಾಗುವುದು ಮನುಷ್ಯ ಸೋರಿಸಿದ ನೀರು. ಒಂದು ದೇಶದ ಅಪರಾಧವನ್ನು ಇನ್ನೊಂದು ದೇಶದ ಮರದ ಮೇಲೆ ಹೊರಿಸಲಾಗದು.

ಆದರೂ ಕೆಂಪು ಮಣ್ಣೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಹೆಬ್ಬಾಳವು ಕೆರೆಯ ಊರು. ಬೆಂಗಳೂರಿನ ಮಳೆನೀರು ಹರಿಯುವ ಮೂರು ದೊಡ್ಡ ಕಣಿವೆಗಳಲ್ಲಿ ಒಂದಕ್ಕೆ ಹೆಬ್ಬಾಳದ ಹೆಸರೇ ಇದೆ. ಕೆರೆಯ ಕೆಳಗಿನ ಗದ್ದೆಬಯಲಿನಲ್ಲಿ ತಲೆಮಾರುಗಳಿಂದ ಸೇರಿದ ಗೋಡುಮಣ್ಣಿದೆ. ಅದರ ಮೇಲೆ ಬಡಾವಣೆ ಮಾಡಿದವರು ತುಂಬಿದ ಇಟ್ಟಿಗೆಚೂರು, ಕಸ, ಕಲ್ಲುಗಳಿವೆ. ಒಂದು ನಿವೇಶನದ ಮಣ್ಣು ಪಕ್ಕದ ನಿವೇಶನದಲ್ಲಿರುವುದಿಲ್ಲ. ಆದುದರಿಂದ ಮರವು ದೋಷಿಯಲ್ಲ ಎಂದು ಮೊದಲೇ ಹೇಳುವುದೂ ಏಕಾಂತವೇ. ಅಗೆದು ನೋಡಬೇಕು.

ಖಾತೆ ಬರೆಯುವ ಕ್ರಮ

ವ್ಯಾಪಾರಿಗೆ ಪರಿಚಿತವಾದ ಸತ್ಯವೊಂದಿದೆ: ಒಂದು ದಿನದ ರೋಕಡ ನೋಡಿ ಅಂಗಡಿಯ ಲಾಭನಷ್ಟ ಹೇಳಲಾಗದು. ಬಿರುಕಿನ ವಿಷಯವೂ ಹಾಗೆಯೇ. ಒಬ್ಬ ನಿವೃತ್ತ ಎಂಜಿನಿಯರರ ಮಾರ್ಗದರ್ಶನದಲ್ಲಿ ಬಿರುಕಿನ ಎರಡು ಬದಿಗಳಲ್ಲಿ ಎರಡು ಸಣ್ಣ ತಿರುಪುಮೊಳೆಗಳನ್ನು ಗೋಡೆಗೆ ಕೂರಿಸಿ, ಪ್ರತಿ ಶುಕ್ಲ ಚತುರ್ದಶಿಯಂದು ಅವುಗಳ ಅಂತರವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಲು ವ್ಯಾಪಾರಿ ಏರ್ಪಾಡು ಮಾಡಿದನು. ಪರ್ವದಿನವಾದುದರಿಂದ ಮರೆಯುವ ಭಯವಿರಲಿಲ್ಲ. ಅಳೆಯುವಾಗ ಶಿಕ್ಷಕಿಯೂ ಜೊತೆಗಿರಬೇಕು, ಪುಸ್ತಕ ಅವರ ಮನೆಯಲ್ಲೇ ಇರಬೇಕು ಎಂದು ನಿಶ್ಚಯವಾಯಿತು.

ಈ ಖಾತೆಯನ್ನು ಓದುವ ರೀತಿ ಸರಳವಾದುದು. ಮರವು ಮಣ್ಣನ್ನು ಒಣಗಿಸುತ್ತಿದ್ದರೆ ಬಿರುಕು ಫೆಬ್ರವರಿಯಿಂದ ಮೇ ವರೆಗೆ ಅಗಲವಾಗಿ, ಮಳೆಗಾಲ ಮುಗಿಯುವ ಹೊತ್ತಿಗೆ ಸ್ವಲ್ಪವಾದರೂ ಮುಚ್ಚಿಕೊಳ್ಳಬೇಕು. ಕಾಲ ಯಾವುದಾದರೂ ಒಂದೇ ದಿಕ್ಕಿನಲ್ಲಿ ಬೆಳೆಯುತ್ತ ಹೋದರೆ ತುಂಬಿದ ಮಣ್ಣು ಇಳಿಯುತ್ತಿದೆ ಅಥವಾ ಎಲ್ಲೋ ನೀರು ಸೋರುತ್ತಿದೆ ಎಂದು ತಿಳಿಯಬೇಕು. ಬಿರುಕಿನ ಆಕಾರವೂ ಮಾತನಾಡುತ್ತದೆ. ತಾರಸಿಯ ಅಂಚಿನಲ್ಲಿ ಉದ್ದಕ್ಕೆ ಅಡ್ಡವಾಗಿರುವುದು ಬಿಸಿಲಿಗೆ ತಾರಸಿ ಹಿಗ್ಗಿದ ಗುರುತು. ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವೆ ನೆಟ್ಟಗೆ ಇರುವುದು ಎರಡು ವಸ್ತುಗಳ ಸ್ವಭಾವಭೇದದ ಗುರುತು. ಗಿಲಾವಿನ ಮೇಲೆ ಜೇಡನ ಬಲೆಯಂತಿರುವುದು ಗಿಲಾವಿನದೇ ದೋಷ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಮಾತ್ರ ತಳಪಾಯದ ಕಡೆಗೆ ಬೆರಳು ತೋರಿಸುತ್ತದೆ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ವಿಂಗಡಣೆಯಂತೆ 5 ಮಿ.ಮೀ. ವರೆಗಿನ ಬಿರುಕು ಅಲ್ಪ ಹಾನಿ. 5ರಿಂದ 15 ಮಿ.ಮೀ. ಮಧ್ಯಮ, 15 ದಾಟಿದರೆ ಗಂಭೀರ. ಶಿಕ್ಷಕಿಯ ಮನೆಯ ಬಿರುಕು 2023ರ ಜನವರಿಯಲ್ಲಿ 2.4 ಮಿ.ಮೀ. ಇತ್ತು. ಮನೆ ಇಂದೋ ನಾಳೆಯೋ ಬೀಳುವುದಿಲ್ಲ, ವರ್ಷಕಾಲ ನೋಡಲು ಸಮಯವಿದೆ ಎಂದು ಎಂಜಿನಿಯರರು ಹೇಳಿದಾಗ ಆಕೆಗೆ ಮೊದಲ ಬಾರಿಗೆ ನೆಮ್ಮದಿಯಾಯಿತು. ಭಯದಲ್ಲಿರುವವರಿಗೆ ಸತ್ಯ ಹೇಳುವುದೂ ಅಭಯದಾನವೇ.

ಅಗೆದಾಗ ಕಂಡುದು

ಹೆಬ್ಬಾಳದ ನೆಲ ಅಗೆದವರಿಗೆ ಅನಿರೀಕ್ಷಿತವಾದುದನ್ನು ತೋರಿಸಿದ ಉದಾಹರಣೆಯಿದೆ. 2018ರಲ್ಲಿ ಅಲ್ಲಿ ಚರಂಡಿಗಾಗಿ ಅಗೆಯುವಾಗ ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ದೊರೆಯಿತು. ಹನ್ನೆರಡು ಶತಮಾನಕ್ಕೂ ಹೆಚ್ಚು ಕಾಲದ ಹಿಂದಿನ ಪೆರ್ಬೊಳಲ್‌ನಾಡಿನ ಹೆಸರು ಹೀಗೆ ಬೆಳಕಿಗೆ ಬಂತು. ಈ ಎರಡು ಮನೆಗಳ ನಡುವೆ ಅಗೆದ ಗುಂಡಿಯಲ್ಲಿ ಶಾಸನವಿರಲಿಲ್ಲ. ಆದರೂ ಓದಬೇಕಾದುದು ಇತ್ತು.

2023ರ ಫೆಬ್ರವರಿಯಲ್ಲಿ ಕುಸಿದ ಮೂಲೆಯ ಬಳಿ ಯಂತ್ರ ಬಳಸದೆ, ಗುದ್ದಲಿ ಮತ್ತು ಸಣ್ಣ ಸಲಾಕೆಯಿಂದ ನಾಲ್ಕು ಅಡಿ ಆಳದ ಗುಂಡಿ ತೆಗೆಯಲಾಯಿತು. ಒಂದು ಅಂಗುಲಕ್ಕಿಂತ ದಪ್ಪನಾದ ಬೇರು ಸಿಕ್ಕರೆ ಕತ್ತರಿಸಬಾರದು, ಸುತ್ತ ಮಣ್ಣು ಬಿಡಿಸಿ ಒದ್ದೆ ಗೋಣಿ ಸುತ್ತಬೇಕೆಂದು ಆಳುಗಳಿಗೆ ಮೊದಲೇ ಹೇಳಲಾಗಿತ್ತು. ಅಂತಹ ಬೇರು ಸಿಗಲೇ ಇಲ್ಲ. ಮೊದಲ ಎರಡು ಅಡಿ ಇಟ್ಟಿಗೆಚೂರು ಬೆರೆತ ತುಂಬುಮಣ್ಣು. ಅದರ ಕೆಳಗೆ ಬೂದುಗಪ್ಪಿನ ಗೋಡುಮಣ್ಣು. ಮೂರೂವರೆ ಅಡಿಯಲ್ಲಿ ಕಲ್ಲುಕಟ್ಟಡದ ತಳಪಾಯದ ತಳ. ಮಾಘಮಾಸದ ಒಣಹವೆಯಲ್ಲಿಯೂ ತಳದ ಮಣ್ಣು ಕೆಸರಾಗಿತ್ತು. ಹಿಡಿದರೆ ಬೆರಳ ಸಂದಿಯಿಂದ ಜಾರುತ್ತಿತ್ತು. ಮರವು ಹೀರಿ ಒಣಗಿಸಿದ ಮಣ್ಣು ಹಾಗಿರಲಾರದು.

ಆ ಮಣ್ಣಿನ ಪರೀಕ್ಷೆಯನ್ನೂ ಮಾಡಲಾಯಿತು. ಭಾರತೀಯ ಮಾನಕ 2720ರ 40ನೆಯ ಭಾಗದಲ್ಲಿ ಹೇಳಿರುವ ಮುಕ್ತ ಉಬ್ಬರದ ಪರೀಕ್ಷೆ ಅದು. ಒಣಗಿಸಿ ಸೋಸಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆಯ ಗಾಜಿನ ಕೊಳವೆಗಳಲ್ಲಿ ಹಾಕಿ, ಒಂದಕ್ಕೆ ಶುದ್ಧಜಲ, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಒಂದು ಅಹೋರಾತ್ರಿ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಹೆಚ್ಚಾಗಿ ಉಬ್ಬಿತೋ ಅದೇ ಅದರ ಸ್ವಭಾವ. ಇಲ್ಲಿ ಸೀಮೆಎಣ್ಣೆಯಲ್ಲಿ 11 ಮಿಲಿಲೀಟರ್, ನೀರಿನಲ್ಲಿ 13 ಮಿಲಿಲೀಟರ್. ಉಬ್ಬರ ಶೇಕಡ 18. ಎರೆಮಣ್ಣಿನಲ್ಲಿ ಇದು ಅನೇಕ ವೇಳೆ ಶೇಕಡ 100ನ್ನೂ ದಾಟುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಮನೆಯನ್ನು ಇಳಿಸುವಂತಹ ಮಣ್ಣು ಇದಲ್ಲ.

ಹಾಗಾದರೆ ನೀರು ಎಲ್ಲಿಂದ? ಎರಡೂ ಮನೆಗಳ ಬಚ್ಚಲ ನೀರು ಸೇರುವ ಹಳೆಯ ಪಿಂಗಾಣಿ ಕೊಳವೆಯೊಂದು ಆವರಣದ ಉದ್ದಕ್ಕೂ ಹಾದುಹೋಗಿತ್ತು. ಕೆಳಗಿನ ತುದಿಯನ್ನು ಬಟ್ಟೆ ಮೂಟೆಯಿಂದ ಮುಚ್ಚಿ, ಮೇಲಿನ ತೊಟ್ಟಿಯವರೆಗೆ ನೀರು ತುಂಬಿ ಗುರುತು ಮಾಡಲಾಯಿತು. ಅರ್ಧ ಗಂಟೆಯಲ್ಲಿ ನೀರು ಗುರುತಿನಿಂದ ಒಂದು ಗೇಣು ಇಳಿಯಿತು. ನೀರಿಗೆ ಬೆರೆಸಿದ್ದ ನೀಲಿ ಬಣ್ಣ ಗುಂಡಿಯ ಗೋಡೆಯಲ್ಲಿ ಒಸರಿತು. ಕೊಳವೆಯನ್ನು ತೆರೆದಾಗ ಸಿಮೆಂಟಿನ ಎರಡು ಸಂದುಗಳು ಬಿಟ್ಟುಕೊಂಡಿದ್ದವು; ಅವುಗಳಲ್ಲೊಂದರ ಒಳಗೆ ಹೊಂಗೆಯ ನೂಲಿನಂತಹ ಬೇರುಗಳು ಜಡೆಯಾಗಿ ಹೆಣೆದುಕೊಂಡಿದ್ದವು.

“ಇದೋ, ಬೇರೇ ಕೊಳವೆಯನ್ನು ಒಡೆದಿದೆ” ಎಂದನು ಮಗ. ಎಂಜಿನಿಯರರು ಇನ್ನೊಂದು ಸಂದನ್ನು ತೋರಿಸಿದರು. ಅಲ್ಲಿ ಬೇರೇ ಇರಲಿಲ್ಲ, ಆದರೂ ಅದು ಅಷ್ಟೇ ಬಿಟ್ಟಿತ್ತು. ಕೆಳಗಿನ ತುಂಬುಮಣ್ಣು ಇಳಿದು ಕೊಳವೆ ಬಾಗಿ ಸಂದು ಬಿಟ್ಟಿದೆ. ಸೋರಿದ ನೀರಿನ ಜಾಡು ಹಿಡಿದು ಬೇರು ಬಂದಿದೆ. ಬಿಗಿಯಾದ ಕೊಳವೆಯನ್ನು ಬೇರು ಒಡೆಯುವುದಿಲ್ಲ. ಬಿಟ್ಟ ಸಂದನ್ನು ಮಾತ್ರ ಅದು ಬಿಡುವುದಿಲ್ಲ. ಒಳಹೊಕ್ಕ ಮೇಲೆ ಸಂದನ್ನು ಇನ್ನಷ್ಟು ಅಗಲಿಸುತ್ತದೆ, ಕಸವನ್ನು ತಡೆಯುತ್ತದೆ ಎಂಬುದೂ ನಿಜ. ಇದರಲ್ಲಿ ಮರದ ಪಾಲಿದೆ. ಮೊದಲ ಪಾಲು ಮರದ್ದಲ್ಲ. ಆ ಕೊಳವೆಯನ್ನು ಮೂವತ್ತು ವರ್ಷಗಳಲ್ಲಿ ಎರಡು ಮನೆಯವರಲ್ಲಿ ಯಾರೂ ತೆರೆದು ನೋಡಿರಲಿಲ್ಲ.

ಇನ್ನೊಂದು ಸಂಗತಿಯೂ ತಾಳೆಯಾಯಿತು. ಬಿರುಕು ಕಾಣಿಸಿದ 2022 ಬರದ ವರ್ಷವಲ್ಲ. ಬೆಂಗಳೂರಿನಲ್ಲಿ 1900 ಮಿ.ಮೀ.ಗೂ ಮೀರಿ, ಸಾಮಾನ್ಯ ವರ್ಷದ ಸುಮಾರು ಇಮ್ಮಡಿಯಷ್ಟು ಮಳೆ ಸುರಿದ ದಾಖಲೆಯ ವರ್ಷ. ಕುಸಿದ ಮೂಲೆ ಮರಕ್ಕೆ ದೂರವಾಗಿ, ಕೊಳವೆಯ ತೊಟ್ಟಿಗೆ ಹತ್ತಿರವಾಗಿತ್ತು. ಮರದ ಬಳಿಯ ಮೂಲೆಯಲ್ಲಿ ಬಿರುಕೇ ಇರಲಿಲ್ಲ.

ನಯಭೇದದಿಂದ ನಿರ್ಣಯ

ಮಾರ್ಚ್ ಕೊನೆಯ ವಾರದಲ್ಲಿ ಹಳೆಯ ಕೊಳವೆಯನ್ನು ತೆಗೆದು, ಸಂದುಗಳಿಗೆ ರಬ್ಬರು ಬಳೆಯಿರುವ ಪಿವಿಸಿ ಕೊಳವೆಯನ್ನು ಹಾಕಲಾಯಿತು. ಖರ್ಚನ್ನು ಎರಡು ಮನೆಯವರೂ ಸಮನಾಗಿ ಹಂಚಿಕೊಂಡರು. ಮರ ಕಡಿಯುವ ಪ್ರಶ್ನೆಯನ್ನು ಒಂದು ವರ್ಷ ಮುಂದಕ್ಕೆ ಹಾಕಲಾಯಿತು. ಅಳತೆ ನಿಲ್ಲಲಿಲ್ಲ.

ಮುಂದಿನ ಕಾಲವೇ ಕಠಿಣ ಪರೀಕ್ಷೆಯಾಯಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರುಗಳ ಮುಂದೆ ಸಾಲು ನಿಂತಿತು. ಮರವು ನೆಲದ ತೇವವನ್ನೆಲ್ಲ ಹೀರಿ ಮನೆಯನ್ನು ಇಳಿಸುವುದಾದರೆ ಅದಕ್ಕಿಂತ ತಕ್ಕ ಕಾಲ ಬೇರೊಂದಿರಲಿಲ್ಲ. ಪುಸ್ತಕದಲ್ಲಿ ಬರೆದುದು ಹೀಗಿದೆ: 2023ರ ಜನವರಿ 2.4, ಫೆಬ್ರವರಿ 2.7, ಮಾರ್ಚ್ 2.9, ಏಪ್ರಿಲ್ 3.0, ಅಲ್ಲಿಂದ ಹದಿಮೂರು ತಿಂಗಳ ನಂತರ, 2024ರ ಮೇಯಲ್ಲಿ, 3.1 ಮಿ.ಮೀ. ಕೊಳವೆ ಸರಿಯಾದ ಮೇಲೆ ಬಿರುಕು ಬೆಳೆಯಲಿಲ್ಲ. ಬಳಿಕ ಅದನ್ನು ತುಂಬಿ ಬಣ್ಣ ಬಳಿಯಲಾಯಿತು. ಬಾಡಿಗೆಯವರು ಮನೆ ಬಿಡಲಿಲ್ಲ.

ಅನೇಕಾಂತವನ್ನು ಶಾಸ್ತ್ರಸಭೆಯಲ್ಲಿ ವಿವರಿಸುವುದು ಸುಲಭ. ನೆರೆಹೊರೆಯ ವ್ಯಾಜ್ಯದಲ್ಲಿ ಆಚರಿಸುವುದು ಕಷ್ಟ. ಇಲ್ಲಿ ಯಾರ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ. ಮನೆ ಕುಸಿಯುತ್ತಿದೆ ಎಂಬ ಶಿಕ್ಷಕಿಯ ಮಾತು ನಿಜ. ಬೇರು ಕೊಳವೆಯಲ್ಲಿದೆ ಎಂಬ ಮಗನ ಮಾತು ನಿಜ. ಮರ ನಿರಪರಾಧಿ ಎಂಬ ವೃದ್ಧೆಯ ನಂಬಿಕೆಯೂ ಪೂರ್ತಿ ನಿಜವಲ್ಲ. ವಾಲಿದ ಆವರಣ ಗೋಡೆಗೆ ಕಾರಣ ಮರವೇ. ಕಾಂಡಕ್ಕೆ ಅಂಟಿಸಿ ಕಟ್ಟಿದ ತೆಳುಗೋಡೆಯನ್ನು ಅದು ದಪ್ಪವಾಗುತ್ತ ದೂಡಿತ್ತು. ಆ ಭಾಗವನ್ನು ಬಿಚ್ಚಿ, ಬೇರಿನ ಮೇಲೆ ಸೇತುವೆಯಂತೆ ಕಾಂಕ್ರೀಟ್ ತೊಲೆ ಹಾಯಿಸಿ, ಕಾಂಡದ ಸುತ್ತ ಮುಕ್ಕಾಲು ಅಡಿ ತೆರಪು ಬಿಟ್ಟು ವ್ಯಾಪಾರಿಯು ತನ್ನ ಖರ್ಚಿನಲ್ಲೇ ಮರಳಿ ಕಟ್ಟಿಸಿಕೊಟ್ಟನು. ಒಂದು ಅಪೇಕ್ಷೆಯಿಂದ ಮರ ಹಾನಿಕಾರಕ, ಒಂದು ಅಪೇಕ್ಷೆಯಿಂದ ಅಲ್ಲ. ‘ಸ್ಯಾತ್’ ಎಂಬ ಪದದ ಬೆಲೆ ಇಲ್ಲಿ ಒಂದು ಪ್ರಾಣ.

ಮರ ಕಡಿದಿದ್ದರೆ ಏನಾಗುತ್ತಿತ್ತು? ಕೊಳವೆ ಸೋರುತ್ತಲೇ ಇರುತ್ತಿತ್ತು. ಆ ನೀರಿನಲ್ಲಿ ಒಂದಷ್ಟನ್ನು ಹೀರುತ್ತಿದ್ದ ಬೇರೂ ಇಲ್ಲವಾಗಿ ಮೂಲೆ ಇನ್ನೂ ಇಳಿಯುತ್ತಿತ್ತು. ಎರೆಮಣ್ಣಿನ ನೆಲದಲ್ಲಾದರೆ ಅಪಾಯ ಇನ್ನೂ ಹೆಚ್ಚು: ದೊಡ್ಡ ಮರವನ್ನು ಒಮ್ಮೆಗೇ ಕಡಿದಾಗ ಒಣಗಿದ್ದ ಮಣ್ಣು ವರ್ಷಾನುಗಟ್ಟಲೆ ನೀರು ಕುಡಿದು ಉಬ್ಬಿ, ಇಳಿದಿದ್ದ ಮನೆಯನ್ನು ಮೇಲಕ್ಕೆತ್ತಿ ಮತ್ತೆ ಒಡೆಯುವುದುಂಟು. ಕೊಡಲಿ ಎಲ್ಲ ನೆಲದಲ್ಲಿಯೂ ಔಷಧವಲ್ಲ.

ಆರು ಬಗೆಯ ಪರಿಹಾರ

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಬರುವ ಲೇಶ್ಯೆಗಳ ದೃಷ್ಟಾಂತವನ್ನು ಶ್ರಾವಕರ ಮಕ್ಕಳು ಪಾಠಶಾಲೆಯಲ್ಲೇ ಕಲಿಯುತ್ತಾರೆ. ಹಸಿದ ಆರು ಮಂದಿ ಹಣ್ಣಿನ ಮರವನ್ನು ಕಂಡರು. ಒಬ್ಬನು ಬುಡಸಹಿತ ಕೀಳಬಯಸಿದನು. ಒಬ್ಬನು ಕಾಂಡವನ್ನು, ಒಬ್ಬನು ಕೊಂಬೆಯನ್ನು, ಒಬ್ಬನು ರೆಂಬೆಯನ್ನು ಕಡಿಯಬಯಸಿದನು. ಐದನೆಯವನು ಹಣ್ಣನ್ನಷ್ಟೇ ಕೀಳಬಯಸಿದನು. ಆರನೆಯವನು ತಾನಾಗಿ ಉದುರಿದುದನ್ನು ಆಯ್ದು ತಿನ್ನಬಯಸಿದನು. ಹಸಿವು ಎಲ್ಲರಿಗೂ ಒಂದೇ. ಪರಿಣಾಮ ಮಾತ್ರ ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗೆ ಬೇರೆ ಬೇರೆ.

ಬಿರಿದ ಗೋಡೆಯ ಮುಂದೆ ನಿಂತವನಿಗೂ ಆರು ದಾರಿಗಳಿವೆ. ಮರವನ್ನು ಬುಡಸಹಿತ ತೆಗೆಸಬಹುದು. ಮೋಟು ಉಳಿಸಿ ಕಡಿಸಬಹುದು. ಒಂದು ಪಕ್ಕದ ಬೇರುಗಳನ್ನೆಲ್ಲ ಕತ್ತರಿಸಬಹುದು, ಆದರೆ ಹಾಗೆ ಮಾಡಿದ ಮರ ಮುಂದಿನ ಗಾಳಿಮಳೆಗೆ ಮನೆಯ ಮೇಲೆಯೇ ಉರುಳೀತು. ಬೇರಿಗೂ ಮನೆಗೂ ನಡುವೆ ಆಳವಾದ ತಡೆಯನ್ನು ಹೂಳಬಹುದು. ಕೊಂಬೆಗಳನ್ನು ಹಿತವಾಗಿ ಸವರಿ ಅದರ ನೀರಿನ ಬೇಡಿಕೆಯನ್ನು ತಗ್ಗಿಸಬಹುದು. ಕೊನೆಯದಾಗಿ, ಮರವನ್ನು ಮುಟ್ಟದೆ ತನ್ನ ಮನೆಯ ಸೋರಿಕೆಯನ್ನು ಸರಿಪಡಿಸಿಕೊಳ್ಳಬಹುದು. ಕೊನೆಯದರಿಂದ ಆರಂಭಿಸಿ, ಅದು ಸಾಲದೆಂದು ಸಿದ್ಧವಾದಾಗ ಮಾತ್ರ ಹಿಂದಿನದಕ್ಕೆ ಹೋಗುವುದು ವಿವೇಕಿಯ ಕ್ರಮ. ಪರೀಕ್ಷೆಗಳೆಲ್ಲ ಮುಗಿದು ಮನೆಯೊಳಗಿನವರ ಪ್ರಾಣಕ್ಕೇ ಅಪಾಯವೆಂದು ನಿಶ್ಚಯವಾದರೆ ಆಗ ಮರ ತೆಗೆಯುವುದು ಅನಿವಾರ್ಯವಾದ ಆರಂಭೀ ಹಿಂಸೆ. ಮರ ಕಡಿಯದಿರುವುದೇ ಧರ್ಮವೆಂದು ಹಟ ಹಿಡಿದು ಪಕ್ಕದ ಮನೆ ಬೀಳುವವರೆಗೆ ಕಾಯುವುದು ಅಹಿಂಸೆಯಲ್ಲ. ವಿಚಾರಿಸದೆ, ನೆಪಮಾತ್ರಕ್ಕೆ ಕಡಿಯುವುದಾದರೆ ಅದು ಅನರ್ಥದಂಡ.

ಕಾನೂನೂ ಇದೇ ದಾರಿಯಲ್ಲಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಸ್ವಂತ ಅಂಗಳದ ಮರವನ್ನೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವಕ್ಕೆ ಮಾತ್ರ ವಿನಾಯಿತಿ. ಅರ್ಜಿ ಬಂದ ಮೇಲೆ ಅಧಿಕಾರಿ ಸ್ಥಳ ಪರಿಶೀಲಿಸುತ್ತಾನೆ. ಅನುಮತಿ ಕೊಟ್ಟರೂ ಬದಲಿ ಸಸಿ ನೆಡುವಂತೆ ವಿಧಿಸಬಹುದು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರಪಾಲಿಕೆಗಳು ಬಂದ ಮೇಲೆಯೂ ಈ ಅಧಿನಿಯಮ ಉಳಿದಿದೆ. ನಸುಕಿನ ಕೊಡಲಿ, ಬುಡದ ಆ್ಯಸಿಡ್ ಇವು ಧರ್ಮಕ್ಕೂ ಕಾನೂನಿಗೂ ಸಮಾನವಾಗಿ ವಿರುದ್ಧ.

ಬಸದಿಗಳ ವಿಷಯ

ಬಸದಿಗಳ ಆಡಳಿತ ಮಂಡಲಿಗಳು ಇನ್ನೊಂದು ಭೇದವನ್ನು ಗಮನಿಸತಕ್ಕುದು. ನೆಲದಲ್ಲಿ ಹುಟ್ಟಿದ ಮರಕ್ಕೂ ಗೋಡೆಯಲ್ಲೇ ಹುಟ್ಟಿದ ಮರಕ್ಕೂ ಅಜಗಜಾಂತರ. ಅರಳಿ, ಆಲ, ಅತ್ತಿಗಳ ಬೀಜವನ್ನು ಹಕ್ಕಿಗಳು ಶಿಖರದ ಸಂದುಗಳಲ್ಲಿ ಬಿಡುತ್ತವೆ. ಅಲ್ಲಿ ಮೊಳೆತ ಸಸಿಯ ಬೇರಿಗೆ ತಿರುಗಿಕೊಳ್ಳಲು ಬೇರೆ ದಾರಿಯಿಲ್ಲ. ಅದು ಕಲ್ಲಿನ ಸಂದಿನಲ್ಲೇ ದಪ್ಪವಾಗಿ ಕಲ್ಲುಗಳನ್ನು ಅಗಲಿಸುತ್ತದೆ. ಕಾಂಬೋಡಿಯಾದ ತಾ ಪ್ರೋಮ್ ದೇವಾಲಯವನ್ನು ಬೇರುಗಳು ಹಿಡಿದಿರುವ ಚಿತ್ರವನ್ನು ಅನೇಕರು ನೋಡಿರುತ್ತಾರೆ. ಅಲ್ಲೀಗ ಬೇರು ತೆಗೆದರೂ ಕಷ್ಟ, ಬಿಟ್ಟರೂ ಕಷ್ಟ. ಇಲ್ಲಿ ಬೇಕಾದುದು ಜಾಗರೂಕತೆ. ಪ್ರತಿವರ್ಷ ಮಳೆಗಾಲ ಮುಗಿದೊಡನೆ ಶಿಖರ, ತಾರಸಿ, ಪ್ರಾಕಾರಗಳನ್ನು ನೋಡಿ, ಎರಡೆಲೆಯ ಸಸಿಯಿರುವಾಗಲೇ ಬೇರುಸಹಿತ ಬಿಡಿಸಿ ತಕ್ಕ ನೆಲದಲ್ಲಿ ನೆಟ್ಟರೆ ಜೀವವೂ ಉಳಿದೀತು, ಬಸದಿಯೂ ಉಳಿದೀತು. ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಗರಗಸ ಹಿಡಿಯುವ ಆಡಳಿತ ಮಂಡಲಿ ಎರಡನ್ನೂ ಕಳೆದುಕೊಳ್ಳುತ್ತದೆ. ಬಸದಿಯ ಆವರಣದಲ್ಲಿ ದೂರವಾಗಿ ನೆಲದಲ್ಲಿ ನಿಂತ ಮರಗಳ ಮೇಲೆ ಮಾತ್ರ ಇದೇ ಭಯವನ್ನು ಹೊರಿಸಬಾರದು. ಮೊದಲು ತಾರಸಿಯ ನೀರು ಎಲ್ಲಿ ಬೀಳುತ್ತದೆ, ಅಭಿಷೇಕದ ನೀರು ಎಲ್ಲಿ ಇಂಗುತ್ತದೆ ಎಂದು ನೋಡಬೇಕು.

ವೃಷಭನಾಥ ಸ್ವಾಮಿಗೆ ಆಲದ ಮರದಡಿಯಲ್ಲೂ ವರ್ಧಮಾನ ಸ್ವಾಮಿಗೆ ಸಾಲವೃಕ್ಷದಡಿಯಲ್ಲೂ ಕೇವಲಜ್ಞಾನವಾಯಿತು. ಆ ಮರಗಳಿಗೆ ಕೈಮುಗಿಯುವವರು ಅಂಗಳದ ಹೊಂಗೆಗೆ ಕೈಮುಗಿಯಬೇಕೆಂದೇನೂ ಇಲ್ಲ. ಅದರ ಮೇಲೆ ಆರೋಪ ಬಂದಾಗ ಒಂದು ಗುಂಡಿ ಅಗೆಯುವಷ್ಟು ಶ್ರಮ, ಒಂದು ಕೊಳವೆ ಪರೀಕ್ಷಿಸುವಷ್ಟು ಖರ್ಚು, ಒಂದು ವರ್ಷ ಅಳೆಯುವಷ್ಟು ತಾಳ್ಮೆ, ಇಷ್ಟನ್ನು ಕೊಟ್ಟರೆ ಸಾಕು. ಹಳೆಯ ಮರವನ್ನು ಕಡಿಯಲು ಒಂದು ಗಂಟೆ ಬೇಕು; ಮತ್ತೆ ಬೆಳೆಸಲು ಒಂದು ತಲೆಮಾರು. ಈ ಲೆಕ್ಕವನ್ನು ವ್ಯಾಪಾರಿಗಳಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.